ಸೂಜಿಹಬ್ಬದ ದಿನ ಮುರಿದ ಸೂಜಿ

ಸುಮಿದಾ ನದಿಯ ಮೂಡಣ ದಡದ ಹೊಂಜೊ ಕೇರಿಯಲ್ಲಿ ಕಿನುಯೊ ಎಂಬವಳಿದ್ದಳು. ಹೆದರಿಕೆ ಅವಳಿಗೆ ಹುಟ್ಟುಗುಣ. ಗುಡುಗಿಗೆ ಹೆದರುವಳು, ಬೆಂಕಿ ಬಿದ್ದಾಗ ಬಾರಿಸುವ ಗಂಟೆಗೆ ಹೆದರುವಳು, ಬಾಗಿಲು ತಟ್ಟುವ ಅಂಚೆಯವನಿಗೂ ಹೆದರುವಳು. "ನಿನ್ನ ನೆರಳು ಎದುರಾದ್ರೂ ದಾರಿ ಬಿಡ್ತೀಯಲ್ಲೇ!" ಎಂದು ತಾಯಿ ಇಶಿ ಹಂಗಿಸುತ್ತಿದ್ದಳು. ಇಶಿ ಕಿಮೊನೊ ಹೊಲಿದು ಮಗಳನ್ನು ಸಾಕಿದವಳು.

ಶಾಲೆ ಬಿಟ್ಟ ಮೇಲೆ ಕಿನುಯೊ ಸೇರಿದ್ದು ಇಸೋಗಾಯ್ ಯಜಮಾನರ ಚಾಕೊಲೇಟ್ ಕೆಲಸಕ್ಕೆ. ಆಗ ಅದು ಕಂಪನಿ ಎನ್ನುವಂತಿರಲಿಲ್ಲ. ಯಜಮಾನರ ಮನೆಯ ಹಿಂಕೋಣೆ, ಒಂದು ಬಾಣಲೆ, ಒಂದು ಅಮೃತಶಿಲೆಯ ಹಲಗೆ, ಅಷ್ಟೇ. ಒಂದು ಒಲೆಯ ಮೇಲೆ ಅನ್ನ, ಪಕ್ಕದ ಒಲೆಯ ಮೇಲೆ ಚಾಕೊಲೇಟ್. ಮಾಡಿದ್ದನ್ನು ತಿನ್ನುವವರೂ ಅದೇ ಕೇರಿಯ ಮಕ್ಕಳು. ಯಾವ ತುಂಡು ಯಾವ ಬಾಯಿಗೆ ಹೋಯಿತೆಂದು ಕಿನುಯೊ ಹೆಸರು ಹಿಡಿದು ಹೇಳಬಲ್ಲವಳಾಗಿದ್ದಳು.

ಆಮೇಲೆ ಪಕ್ಕದ ಚಾಪೆ ನೇಯುವವನ ಕೊಟ್ಟಿಗೆ ಸೇರಿಕೊಂಡಿತು. ಅದಾದ ಮೇಲೆ ನದಿಯ ಅಂಚಿನಲ್ಲಿ ದೊಡ್ಡ ಕಟ್ಟಡ ಎದ್ದಿತು, ಮಾಲು ಸಾಗಿಸುವ ಓಡುವ ಪಟ್ಟಿ ಬಂತು, ಲಾರಿಗಳು ಬಂದವು. ಕಂಪನಿ ಬೆಳೆದಂತೆಲ್ಲ ಕಿನುಯೊಳ ಹೆದರಿಕೆಗೂ ಜಾಗ ಹಿಗ್ಗಿತು. ತನ್ನ ಕೈ ದಾಟಿದ ತುಂಡು ಯಾವ ಊರಿನ ಯಾವ ಮಗುವಿನ ನಾಲಿಗೆಯ ಮೇಲೆ ಕರಗುತ್ತದೋ, ಯಾರಿಗೆ ಗೊತ್ತು?

ಅಷ್ಟರಲ್ಲಿ ಫೆಬ್ರವರಿ ಹದಿನಾಲ್ಕರಂದು ಹೆಂಗಸರು ಗಂಡಸರಿಗೆ ಚಾಕೊಲೇಟ್ ಕೊಡುವ ರೂಢಿ ಪಟ್ಟಣಕ್ಕೆ ಹತ್ತಿಕೊಂಡಿತು. ನದಿಯಾಚೆಯ ಗಿಂಜಾ ಪೇಟೆಯ ದೊಡ್ಡ ಅಂಗಡಿಯೊಂದು ಮೊದಲ ಸಲ ಇಸೋಗಾಯ್ ಅವರ ಹೃದಯದಾಕಾರದ ಚಾಕೊಲೇಟುಗಳನ್ನು ಕೇಳಿತು. ಕೆಲಸಗಾರರಿಗೆ ಉಸಿರಾಡಲು ಪುರಸೊತ್ತಿಲ್ಲ. ಅದರ ನಡುವೆಯೇ ಬಂತು ಎಂಟನೆಯ ತಾರೀಕು, ಸೂಜಿಹಬ್ಬ.

ಅಂದು ಹೊಲಿಯುವವರು ವರ್ಷವಿಡೀ ಮುರಿದ ಸೂಜಿಗಳನ್ನು ಅವಾಶಿಮಾ ಗುಡಿಗೆ ಒಯ್ದು ತೋಫು ಎಂಬ ಮೆತ್ತನೆಯ ಸೋಯಾ ಗಿಣ್ಣಿನಲ್ಲಿ ಚುಚ್ಚಿಡುತ್ತಾರೆ. ಗಟ್ಟಿ ಬಟ್ಟೆ ಚುಚ್ಚಿ ಚುಚ್ಚಿ ದಣಿದ ಸೂಜಿಗಳಲ್ಲವೇ, ಇನ್ನಾದರೂ ಮೆತ್ತಗೆ ಮಲಗಲಿ ಎಂದು. ಅಂದು ಯಾರೂ ಸೂಜಿ ಹಿಡಿಯುವುದಿಲ್ಲ. ಬೆಳಿಗ್ಗೆ ಇಶಿ, ಮಗಳಿಗೆ ಹತ್ತಿ ತುಂಬಿದ ತೋಳಿಲ್ಲದ ಅಂಗಿ ತೊಡಿಸುತ್ತ ಹೇಳಿದ್ದಳು: "ಆ ಕಾರ್ಖಾನೆ ಚಳಿಗೆ ಇದನ್ನ ಒಳಗೆ ಹಾಕ್ಕೋ. ಮತ್ತೆ, ಇವತ್ತು ಸೂಜಿ ಮುಟ್ಟೀಯ, ಜೋಕೆ!"

ಮಧ್ಯಾಹ್ನದ ಬಿಡುವಿನಲ್ಲಿ ಕಿನುಯೊ ನೋಡುತ್ತಾಳೆ, ಬಿಳಿ ನಿಲುವಂಗಿಯ ಎದೆಗುಂಡಿ ಒಂದೇ ಎಳೆಯಲ್ಲಿ ತೂಗಾಡುತ್ತಿದೆ. ಇದು ಚಾಕೊಲೇಟಿನೊಳಗೆ ಬಿದ್ದರೆ? ಗುಂಡಿಯ ಭಯ ಹಬ್ಬದ ಭಯವನ್ನು ಗೆದ್ದಿತು. ಊಟದ ಚೀಲದಲ್ಲಿ ಯಾವಾಗಲೂ ಇರುತ್ತಿದ್ದ ಸೂಜಿ ತೆಗೆದಳು. ಹಬ್ಬದ ದಿನ ಹೊಲಿಯುವುದನ್ನು ಯಾರಾದರೂ ಕಂಡಾರೆಂದು ಚಾಕೊಲೇಟ್ ಆರಲು ಇಟ್ಟ ತಟ್ಟೆಗಳ ಮರೆಗೆ ಸರಿದಳು. ನಿಲುವಂಗಿ ಬಿಚ್ಚದೆ ಮೈಮೇಲೆಯೇ ಹೊಲಿಯತೊಡಗಿದಳು. ಟಪ್ ಎಂದಿತು. ಕೈಯಲ್ಲಿ ಉಳಿದದ್ದು ದಾರ ಪೋಣಿಸಿದ ಹಿಂತುದಿ. ಮೊನೆ ಇಲ್ಲ.

ನೆಲ ತಡವಿದಳು. ಮಡಿಲು ಕೊಡವಿದಳು. ಪಕ್ಕದಲ್ಲಿ ಇನ್ನೂ ಮೆತ್ತಗಿದ್ದ ಹೃದಯಗಳು ಸಾಲುಸಾಲಾಗಿ ಮಲಗಿದ್ದವು. ಅಷ್ಟರಲ್ಲಿ ಕೆಲಸದ ಗಂಟೆ ಬಾರಿಸಿತು.

ಪಟ್ಟಿಯ ಮುಂದೆ ಹೋಗಿ ಕೂತಳು. ಎದುರು ಕೂತ ಜೊತೆಗೆಲಸದ ತೊಕುಕೊ ಬಿಡಬೇಕಲ್ಲ!

"ಏನೇ ಕಿನು, ಮುಖ ಸುಣ್ಣದ ಹಾಗಿದೆ? ನೀನೂ ಯಾರಿಗೋ ಹೃದಯ ಕೊಡೋಕೆ ಹೊರಟ್ಯಾ?"

"ಸುಮ್ನಿರೇ."

"ಲಾರಿ ಡ್ರೈವರಿಗಾ? ಅವನಿಗೆ ಆಗ್ಲೇ ಹೆಂಡ್ತಿ ಇದಾಳೆ ಕಣೇ!"

ಎಲ್ಲರೂ ನಕ್ಕರು. ಹೇಳಿದರೆ ಕೆಲಸ ಹೋದೀತು, ಯಜಮಾನರ ಹೆಸರು ಮಣ್ಣುಪಾಲಾದೀತು. ಹೇಳದಿದ್ದರೆ? ಯಾವನೋ ಹುಡುಗ ನಾಚುತ್ತ ಡಬ್ಬಿ ಬಿಚ್ಚುತ್ತಾನೆ, ಕಚ್ಚುತ್ತಾನೆ... ಅವಳು ತುಟಿ ಕಚ್ಚಿ ಕೂತಿದ್ದಂತೆಯೇ ಆ ತಟ್ಟೆಗಳ ಹೃದಯಗಳು ಆರಿ ಡಬ್ಬಿ ಸೇರಿದವು, ಮೊದಲ ಲಾರಿ ಗುರುಗುಟ್ಟಿ ಹೊರಟೇಬಿಟ್ಟಿತು. ಆ ಸದ್ದಿಗೆ ಅವಳು ಎದ್ದು ಓಡಿದಳು.

"ಯಜಮಾನ್ರೇ, ನಾನು... ನಾನಿವತ್ತು ಸೂಜಿ ಹಿಡಿದೆ."

ಇಸೋಗಾಯ್ ನಕ್ಕರು. "ಅಷ್ಟಕ್ಕೆ ಅಳೋದಾ? ನಿಮ್ಮಮ್ಮಂಗೆ ಹೇಳಲ್ಲ, ಹೋಗು."

"ಮುರೀತು. ತಟ್ಟೆಗಳ ಪಕ್ಕದಲ್ಲೇ. ಮೊನೆ ಸಿಗ್ತಿಲ್ಲ."

ನಗು ಅಲ್ಲೇ ಆರಿತು. ಯಜಮಾನರು ಒಂದು ಮಾತೂ ಬೈಯಲಿಲ್ಲ. ಅದರಿಂದಲೇ ಅವಳಿಗೆ ಇನ್ನೂ ಭಯವಾಯಿತು. ಪಟ್ಟಿ ನಿಲ್ಲಿಸಿದರು. ಗಿಂಜಾಕ್ಕೆ ಫೋನು ಮಾಡಿ, ತಾವೇ ಟ್ಯಾಕ್ಸಿಯಲ್ಲಿ ಲಾರಿಯ ಬೆನ್ನು ಹತ್ತಿದರು. ಇತ್ತ ಹೆಂಗಸರು ಡಬ್ಬಿಗಳನ್ನೆಲ್ಲ ಬಿಚ್ಚಿ, ಹೃದಯಗಳನ್ನು ಒಡೆದು, ಕರಗಿಸಿ, ರೇಷ್ಮೆ ಬಟ್ಟೆಯಲ್ಲಿ ಸೋಸಿದರು. ತೊಕುಕೊಳೂ ಈಗ ತಮಾಷೆ ಮಾಡಲಿಲ್ಲ. ಲಾರಿಯ ಮಾಲೂ ವಾಪಸು ಬಂತು, ಅದನ್ನೂ ಸೋಸಿದರು. ಬಟ್ಟೆಯಲ್ಲಿ ಏನೂ ಉಳಿಯಲಿಲ್ಲ.

"ಎಲ್ಲಾ ಬಂತಾ ಯಜಮಾನ್ರೇ?" ಎಂದಳು ಕಿನುಯೊ.

ಇಸೋಗಾಯ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಒಂದು ಡಬ್ಬಿ ಇಲ್ಲ. ಫೋನಿನ ಸುದ್ದಿ ಮಾರೋರಿಗೆ ಮುಟ್ಟೋದ್ರೊಳಗೆ ಮಾರಿಬಿಟ್ಟಿದ್ರು. ಶಾಲೆ ಹುಡುಗಿಯಂತೆ. ಅಂಗಡಿ ಬಾಗಿಲಿಗೆ ನನ್ನ ಹೆಸರಲ್ಲೇ ಚೀಟಿ ಹಚ್ಚಿಸಿದೀನಿ, ಪೇಪರಿಗೂ ಕೊಟ್ಟಿದೀನಿ. ಇನ್ನು ಕಾಯೋದು."

ಆ ಹುಡುಗಿ ಬರಲಿಲ್ಲ. ಹದಿನಾಲ್ಕು ಬಂತು. ಅಂದು ಬೀದಿಯಲ್ಲಿ ಆಂಬುಲೆನ್ಸ್ ಕೂಗಿದಾಗಲೆಲ್ಲ ಅವಳು ಗೋಡೆ ಹಿಡಿದು ನಿಂತಳು. ಕೆಟ್ಟ ಸುದ್ದಿ ಬರಲಿಲ್ಲ. ಆದರೆ ಬಾರದ ಸುದ್ದಿಯನ್ನು ನಂಬುವುದು ಹೇಗೆ? ದೂರದ ಊರಿಗೆ ಹೋಗಿರಬಹುದು, ಇನ್ನೂ ಬಿಚ್ಚದೆ ಇಟ್ಟಿರಬಹುದು. ಹಾಗೇ ಚಳಿಗಾಲ ಕಳೆಯಿತು, ಚೆರ್ರಿ ಹೂ ಉದುರಿತು.

ಬೇಸಿಗೆಗೆ ಮುಂಚೆ ಹತ್ತಿಯಂಗಿಗಳ ಹೊಲಿಗೆ ಬಿಚ್ಚಿ, ಬಟ್ಟೆ ಒಗೆದು, ಹತ್ತಿ ಬಿಸಿಲಿಗೆ ಹಾಕುವುದು ಮನೆಮನೆಯ ಪದ್ಧತಿ. ಇಶಿ ಮಗಳ ಅಂಗಿ ಬಿಚ್ಚುತ್ತಿದ್ದವಳು "ಅಯ್ಯೋ!" ಎಂದು ಬೆರಳು ಚೀಪಿದಳು. ಎದೆಯ ಭಾಗದ ಹತ್ತಿಯೊಳಗೆ ಸೂಜಿಯ ಮೊನೆ ಮಲಗಿತ್ತು. ಇಷ್ಟು ದಿನವೂ ಕಿನುಯೊ ಅದನ್ನು ಎದೆಗೆ ಕಟ್ಟಿಕೊಂಡೇ ತಿರುಗಿದ್ದಳು.

ಅವಳು ಅಲ್ಲೇ ಕುಸಿದು ಕೂತು ಅತ್ತಳು.

"ಹಬ್ಬದ ದಿನ ಮುಟ್ಬೇಡ ಅಂದಿದ್ದೆ," ಎಂದಳು ಇಶಿ. ಆಮೇಲೆ ಮಗಳ ಬೆನ್ನು ಸವರಿದಳು.

ಮೊನೆಯನ್ನು ಕಾಗದದಲ್ಲಿ ಸುತ್ತಿ ಯಜಮಾನರ ಮುಂದಿಟ್ಟಾಗ ಕಿನುಯೊ ಬಗ್ಗಿಸಿದ ತಲೆ ಎತ್ತಲಿಲ್ಲ. "ಸುಮ್ಮನೆ ಎಲ್ಲಾ ಕರಗಿಸಿದ ಹಾಗಾಯ್ತು. ನಾನು ಕೆಲಸ ಬಿಡ್ತೀನಿ."

"ಬಿಟ್ಟು ಎಲ್ಲಿಗೆ ಹೋಗ್ತೀಯಾ? ನಾಳೆಯಿಂದ ಕೊನೇ ಮೇಜಿಗೆ ಕೂತ್ಕೋ. ಡಬ್ಬಿ ಮುಚ್ಚೋಕೆ ಮುಂಚೆ ಹೆದರೋರು ಒಬ್ಬರು ಬೇಕು ನಂಗೆ."

ಗಿಂಜಾದ ಅಂಗಡಿ ಆಮೇಲೆ ಕೆಲವು ವರ್ಷ ಅವರ ಮಾಲು ಕೇಳಲಿಲ್ಲ. ಮತ್ತೆ ಕೇಳಿದ ಮೇಲೆ ಕಂಪನಿ ಇನ್ನಷ್ಟು ಬೆಳೆಯಿತು, ಹೊಸ ಕಟ್ಟಡಗಳು ಎದ್ದವು, ಚಾಕೊಲೇಟಿನಲ್ಲಿ ಲೋಹವಿದ್ದರೆ ಪತ್ತೆ ಹಚ್ಚುವ ಯಂತ್ರವೂ ಬಂತು. ಕೆಲಸ ಬಿಡುವ ದಿನದವರೆಗೂ ಕಿನುಯೊ ಆ ಯಂತ್ರದ ಆಚೆಯ ಮೇಜಿನಲ್ಲೇ ಇದ್ದಳು.

ಈಗ ಮೊಮ್ಮಗಳಿಗೆ ಚಾಕೊಲೇಟ್ ಕೊಡುವಾಗ ಹೃದಯವನ್ನು ಬೆರಳಲ್ಲಿ ಚೂರುಚೂರು ಮಾಡಿ, ನೋಡಿ, ಕೊಡುತ್ತಾಳೆ.

"ಅಜ್ಜಿ, ಇಡೀದು ಕೊಡು!"

"ಚೂರಿಗೂ ಅದೇ ರುಚಿ, ತಿನ್ನು," ಎನ್ನುತ್ತಾಳೆ. ಆ ಮಗು ನುಂಗುವವರೆಗೆ ಅವಳು ಉಸಿರು ಬಿಡುವುದಿಲ್ಲ.