ಲಾನ್ ಮೋವರಿನ ಗರಗರ ಸದ್ದು

೧೯೭೪ರಲ್ಲಿ ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫಿಟ್ಟರ್ ಆಗಿದ್ದೆ. ಹನ್ನೊಂದು ವರ್ಷ ಸರ್ವಿಸ್ ಆಗಿತ್ತು. ಖಾಲಿಯಾಗಲಿದ್ದ ಚಾರ್ಜ್‌ಹ್ಯಾಂಡ್ ಹುದ್ದೆ, ಅಂದರೆ ಫಿಟ್ಟರ್‌ಗಳ ಮೇಲ್ವಿಚಾರಣೆಯ ಕೆಲಸ, ನನಗೇ ಎಂದುಕೊಂಡಿದ್ದೆ. ಆದರೆ ಡಿಪ್ಲೊಮಾ ಮುಗಿಸಿದ ರುದ್ರೇಶ ಎರಡು ವರ್ಷದ ಹಿಂದೆ ಬಂದು ಸೇರಿದ್ದ. ಅಷ್ಟರಲ್ಲೇ ಮ್ಯಾನೇಜರ್ ಸಾಹೇಬರು ಅವನನ್ನು ಹೆಸರು ಹಿಡಿದು ಕರೆಯತೊಡಗಿದ್ದರು. ನಾನು ಮಾತ್ರ ಇನ್ನೂ 'ಏನ್ರೀ ಫಿಟ್ಟರ್'. ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು?

ಕಾರ್ಖಾನೆಯ ಮುಂದಿನ ಹುಲ್ಲುಹಾಸಿಗೆ ವಿದೇಶದಿಂದ ತರಿಸಿದ, ಕುಳಿತು ಓಡಿಸುವ ಲಾನ್ ಮೋವರ್ ಇತ್ತು. ಅದರ ಕೆಳಗಿನ ತಗಡಿನ ಗೂಡೇ ಕಟಿಂಗ್ ಡೆಕ್. ಒಳಗಿನ ಎರಡು ಬ್ಲೇಡುಗಳು ಸ್ಪಿಂಡಲ್ ಎಂಬ ಉಕ್ಕಿನ ದಂಡಗಳ ತುದಿಯಲ್ಲಿ ತಿರುಗುತ್ತವೆ. ಆ ವರ್ಷದ ಆಯುಧಪೂಜೆಯಲ್ಲಿ ಮೋವರಿಗೆ ಮಂಗಳಾರತಿ ಎತ್ತಲು ಸಾಹೇಬರು ಕರೆದದ್ದು ರುದ್ರೇಶನನ್ನು. ನನ್ನ ಪಾಲಿಗೆ ಬಂದದ್ದು ಬಾಳೆಕಂದು ಕಟ್ಟುವ ಕೆಲಸ. ಸಿಟ್ಟಿನಲ್ಲಿ ಕಂದಿಗೆ ದಾರದ ಬದಲು ಬೈಂಡಿಂಗ್ ವೈರ್ ಎಂಬ ತೆಳು ಕಬ್ಬಿಣದ ತಂತಿ ಸುತ್ತಿ ಡೆಕ್ಕಿಗೆ ಬಿಗಿದೆ.

ಹಬ್ಬ ಕಳೆದು ನಾಲ್ಕನೇ ದಿನ ಮೋವರ್ ಗರಗರ ಎನ್ನತೊಡಗಿತು. ಹಬ್ಬಕ್ಕೆ ಮುಂಚೆ ಬ್ಲೇಡುಗಳಿಗೆ ಸಾಣೆ ಹಿಡಿದು ಕೂರಿಸಿದ್ದವನು ರುದ್ರೇಶ. ನಾನು ಯಂತ್ರವನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ಸಾಹೇಬರ ರೂಮಿಗೆ ಹೋದೆ.

"ರುದ್ರೇಶ ಬ್ಲೇಡ್ ಸರಿಯಾಗಿ ಕೂರಿಸಿಲ್ಲ ಸಾರ್. ಡಿಪ್ಲೊಮಾದಲ್ಲಿ ಇದೆಲ್ಲ ಹೇಳ್ಕೊಡಲ್ಲ," ಎಂದೆ.

"ಹಾಗಾದ್ರೆ ಇಬ್ರೂ ನನ್ನೆದುರಿಗೇ ಬಿಚ್ಚಿ, ನೋಡೋಣ," ಎಂದರು.

ರುದ್ರೇಶ ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು, ಬೆಲ್ಟ್ ಕಳಚಿ, ಸ್ಪಿಂಡಲ್‌ಗಳನ್ನು ಒಂದೊಂದಾಗಿ ಕೈಯಲ್ಲೇ ತಿರುಗಿಸಿದ. ಬಲಗಡೆಯದು ಸಲೀಸಾಗಿ ತಿರುಗಿತು. ಎಡಗಡೆಯದು ಮರಳು ಅರೆದಂತೆ ಕರಕರ ಎಂದಿತು. ಬ್ಲೇಡು ಭದ್ರವಾಗಿಯೇ ಇತ್ತು. ಅದನ್ನು ಬಿಚ್ಚಿದರೆ ಸ್ಪಿಂಡಲಿಗೆ ಸುತ್ತಿಕೊಂಡ ಬೈಂಡಿಂಗ್ ವೈರ್, ಜೊತೆಗೆ ಒಣಗಿದ ಬಾಳೆನಾರು. ಹಬ್ಬದ ಮರುದಿನ ಕಂದನ್ನು ಎಳೆದು ಕಿತ್ತಾಗ ನಾನು ಡೆಕ್ಕಿನಲ್ಲೇ ಬಿಟ್ಟ ತುಂಡು ಅದು. ಅದು ಬೇರಿಂಗಿನ ಗ್ರೀಸ್ ತಡೆದಿಡುವ ರಬ್ಬರ್ ಸೀಲನ್ನು ಕೊಯ್ದು, ಗ್ರೀಸ್ ಹೊರಬಂದು, ಮಣ್ಣು ಒಳಹೋಗಿ ಬೇರಿಂಗ್ ಕೆಟ್ಟಿತ್ತು.

ರುದ್ರೇಶ ನಾರನ್ನು ನೋಡಿದ, ನನ್ನನ್ನೂ ನೋಡಿದ. "ಹುಲ್ಲಲ್ಲಿ ಬಿದ್ದಿದ್ದ ವೈರ್ ಅನ್ಸುತ್ತೆ ಸಾರ್. ಯಾರ್ದೂ ತಪ್ಪಿಲ್ಲ," ಎಂದ.

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಒಳ್ಳೆಯತನ ಕಂಡು ಮೊದಲಿಗಿಂತ ಹೆಚ್ಚು ಉರಿಯಿತು. "ನಾನು ಕಟ್ಟಿದ್ದು ಸಾರ್ ಅದು," ಎಂದು ಬಾಯಿ ಬಿಟ್ಟದ್ದೂ ಆ ಉರಿಯಿಂದಲೇ. ಒಳ್ಳೆಯವನೆಂಬ ಹೆಸರೂ ಅವನೊಬ್ಬನಿಗೇ ಹೋಗುವುದನ್ನು ನೋಡಲಾರದೆ ಹೋದೆ.

ಚಾರ್ಜ್‌ಹ್ಯಾಂಡ್ ಆದವನು ರುದ್ರೇಶ. ಅವನ ಕೈಕೆಳಗೆ ಒಂಬತ್ತು ವರ್ಷ ದುಡಿದೆ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಮೊದಲೇ ಯಾರಿಂದ ಎಂದು ತೀರ್ಮಾನಿಸುವವನು ಮೆಕ್ಯಾನಿಕ್ ಆಗಲಾರ. ಇಷ್ಟು ಕಲಿಯಲು ನಾನು ಒಂದು ಹುದ್ದೆ ಕಳೆದುಕೊಳ್ಳಬೇಕಾಯಿತು.