ದಲ್ಲಾಳಿ ಸೊಣ್ಣಪ್ಪನ ನರಹುಲಿ

ಬೈರಕೂರಿನ ಸೊಣ್ಣಪ್ಪ ದನದ ದಲ್ಲಾಳಿ. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಟವಲಿನಡಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದೇ ತಿಳಿಸಬೇಕು. ಅಂಥವನ ಕೈತುಂಬ ನರಹುಲಿ. ಬೆರಳು ಯಾವುದು ಗಂಟು ಯಾವುದು ತಿಳಿಯದೆ ಬೆಲೆ ಏರಿಹೋಗುತ್ತದೆ ಎಂದು ಗಿರಾಕಿಗಳು ರೇಗಿಸುತ್ತಿದ್ದರು.

ನರಹುಲಿ ಎಂದರೆ ತೀರಿಸದ ಹರಕೆ ಎಂದು ಮನೆಯವರ ನಂಬಿಕೆ. ಉಪ್ಪು ಕರಗಿದಂತೆ ಕರಗಲಿ ಎಂದು ಅವನು ದೇವರಾಯಸಮುದ್ರದ ಕೆರೆಗೆ ಉಪ್ಪು, ಮೆಣಸು ಸುರಿದದ್ದೇ ಸುರಿದದ್ದು. ಅಲ್ಲಿನ ಮೀನಿಗೆ ಇನ್ನು ಮಸಾಲೆ ಬೇಡ ಎಂದು ಹೆಂಡತಿ ರಾಮಲಕ್ಷ್ಮಮ್ಮ ಹಂಗಿಸುವಳು. ನರಹುಲಿ ಜಪ್ಪಯ್ಯ ಎಂದರೂ ಕದಲಲಿಲ್ಲ. ಅವನ ಹಳೆಯ ಕೆಮ್ಮೂ ಬಿಡಲಿಲ್ಲ. ಅದಕ್ಕೆ ಊರವರು ಬೀಡಿಯನ್ನು ದೂರಿದರು. ಸೊಣ್ಣಪ್ಪ ಬೀಡಿ ಸೇದುವವನೇ ಅಲ್ಲ.

ಮಗಳು ಅನಿತ ಮತ್ತೆ ನ್ಯುಮೋನಿಯಾ ಆಗಿ ಕೋಲಾರದಲ್ಲಿ ಆಸ್ಪತ್ರೆ ಸೇರಿದಳು. ಡಾಕ್ಟರ್ ಶೋಭಾರಾಣಿ ಅವಳ ಬೆರಳಿನ ನರಹುಲಿ ನೋಡಿ, ಮನೆಯಲ್ಲಿ ಇನ್ಯಾರಿಗಾದರೂ ಇದೆಯೇ ಎಂದು ಕೇಳಿದರು. ರಾಮಲಕ್ಷ್ಮಮ್ಮ ಇಲ್ಲವೆಂದಳು. ಅದು ದೇವರ ವಿಷಯ, ಡಾಕ್ಟರಿಗೇಕೆ ಅದರ ಉಸಾಬರಿ?

ಡಾಕ್ಟರು ಬಿಡಿಸಿ ಹೇಳಿದರು. ರೋಗದ ಜೊತೆ ಕಾದಾಡುವ ಬಿಳಿ ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಇಲ್ಲೇ ಇರಿ ಎಂದು ಮಜ್ಜೆ ಕರೆಯುತ್ತದೆ. ಆ ಕರೆಗೆ ಓಗೊಡಲು ಕಣದ ಮೈಮೇಲೆ ಸಿಎಕ್ಸ್‌ಸಿಆರ್4 ಎಂಬ ಪ್ರೋಟೀನು ಇದೆ. ಹೊತ್ತಿಗೆ ಸರಿಯಾಗಿ ಅದು ಸುಮ್ಮನಾದರೆ ಕಣ ರಕ್ತಕ್ಕಿಳಿಯುತ್ತದೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಸುಮ್ಮನಾಗುವುದಿಲ್ಲ. ಕಣಗಳು ಬೀಗರ ಮನೆಯಲ್ಲಿ ಠಿಕಾಣಿ ಹೂಡಿದ ನೆಂಟರಂತೆ ಒಳಗೇ ಉಳಿಯುತ್ತವೆ. ಆಗ ನರಹುಲಿಯೂ ಬರುತ್ತದೆ, ನ್ಯುಮೋನಿಯಾವೂ ಬರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದು. ಅದೇ ಎಂದು ಗೊತ್ತಾದರೆ ತಕ್ಕ ಚಿಕಿತ್ಸೆ ಕೊಡಬಹುದು.

ಹಾಸಿಗೆಯ ಪಕ್ಕ ನಿಂತಿದ್ದ ಸೊಣ್ಣಪ್ಪನ ಕೈ ಟವಲಿನೊಳಗೇ ಇತ್ತು. ಹೊರಗೆ ತೆಗೆದರೆ ಮಗಳ ಕಾಯಿಲೆಗೆ ತಾನೇ ಕಾರಣ ಎಂದಾಗುತ್ತದೆ. ಮುದಿ ಎತ್ತನ್ನು ಹರೆಯದ್ದೆಂದು ಮಾರಿದ ಗಟ್ಟಿಗನಿಗೆ ಬೆವರಿಳಿಯಿತು. ಅಷ್ಟರಲ್ಲಿ ಅನಿತ ಉಸಿರುಗಟ್ಟಿ ಕೆಮ್ಮತೊಡಗಿದಳು. ಅವನು ಟವಲು ಕಿತ್ತೆಸೆದು ಎರಡೂ ಕೈ ಅವಳ ಹಾಸಿಗೆಯ ಮೇಲಿಟ್ಟ.

"ನಂದೇ ಮೇಡಂ, ನಾನೇ ಕೊಟ್ಟಿದ್ದು," ಎಂದು ಅತ್ತುಬಿಟ್ಟ. ಮಗಳ ಕಡೆ ತಿರುಗಿ, "ತಪ್ಪಾಯ್ತು ತಲ್ಲಿ, ನನ್ ತಾಯಿ," ಎಂದ.

ಅನಿತ ಆ ಕೈ ಹಿಡಿದುಕೊಂಡಳು. "ನೀನೇನ್ ಬೇಕಂತ ಕೊಟ್ಯಾ ಅಪ್ಪ? ಮೊದ್ಲು ಟೆಸ್ಟಿಗೆ ನಿನ್ನ ರಕ್ತ ಕೊಡು. ಇಬ್ರೂ ವಾಸಿ ಮಾಡ್ಕೊಂಡು ಮನೆಗೆ ಹೋಗಣ."

ತನಗೂ ಕಾಯಿಲೆಯಿದೆ ಎಂಬುದು ಸೊಣ್ಣಪ್ಪನಿಗೆ ಹೊಳೆದದ್ದೇ ಆಗ.