ಅತ್ತೆ ಮಲಗಿದ ಮಧ್ಯಾಹ್ನ

ಅತ್ತೆ ಮಲಗುವುದನ್ನೇ ಬಿಟ್ಟರು. ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ತೂಕಡಿಸುತ್ತಿದ್ದರು. ಕೇಳಿದರೆ, "ಗ್ಯಾಸು ಮಾರಾಯ್ತಿ, ನಿಂಗೆಂತ ಬೇರೆ ಕೆಲ್ಸ ಇಲ್ವಾ?" ಎಂದು ನನ್ನನ್ನೇ ಗದರುತ್ತಿದ್ದರು.

ಸ್ತನದ ಕ್ಯಾನ್ಸರಿಗೆ ಆಪರೇಷನ್, ಕೀಮೋ ಎಲ್ಲ ಮುಗಿಸಿ, ಎನ್.ಆರ್. ಪುರದ ನಮ್ಮ ಬಟ್ಟೆ ಅಂಗಡಿಯಲ್ಲಿ ಮತ್ತೆ ಗಲ್ಲಾದ ಮುಂದೆ ಕೂತವರು ಅವರು. ಗ್ಯಾಸ್ ಎಂದರೆ ನಾನು ನಂಬುತ್ತೇನೆಯೇ? ಅಂಗಡಿ ಗಂಡನಿಗೆ ಬಿಟ್ಟು, ಅತ್ತೆಯನ್ನು ಕಾರು ಹತ್ತಿಸಿ ಶಿವಮೊಗ್ಗಕ್ಕೆ ಕರೆದೊಯ್ದೆ.

"ಎಡಗಡೆ ಶ್ವಾಸಕೋಶದ ಸುತ್ತ ನೀರು ತುಂಬಿದೆ," ಎಂದರು ಡಾಕ್ಟರ್.

ಕ್ಯಾನ್ಸರ್ ಮರಳಿತ್ತು.

ಸೂಜಿ ಹಾಕಿ ನೀರು ತೆಗೆದರು. ಹಗುರಾಯಿತು. ತಿಂಗಳೊಳಗೆ ಮತ್ತೆ ತುಂಬಿತು. ಪಕ್ಕೆಗೊಂದು ಸಣ್ಣ ಟ್ಯೂಬ್ ಹಾಕಿ ಬಿಡೋಣ, ಮನೆಯಲ್ಲೇ ಬಾಟಲಿಗೆ ನೀರು ಇಳಿಸಬಹುದು ಎಂದರು ಡಾಕ್ಟರ್. "ಕಾಯಿಲೆ ಇದರಿಂದ ಹೋಗಲ್ಲ. ಉಸಿರಾಟ ಸಲೀಸಾಗುತ್ತೆ, ಮಲಗಿ ನಿದ್ದೆ ಮಾಡ್ತಾರೆ."

ನನಗೆ ಅಷ್ಟು ಸಿಕ್ಕಿದರೆ ಸಾಕಿತ್ತು.

ಆದರೆ ಟ್ಯೂಬ್ ಹಾಕುವ ದಿನ ನರ್ಸ್ ಗೌನ್ ಕೊಟ್ಟು, ಕೊರಳಿನದ್ದೆಲ್ಲ ತೆಗೆಯಿರಿ ಎಂದಿದ್ದೇ ತಡ, ಅತ್ತೆ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಬೆಳ್ಳಿಯ ಆ ಪುಟ್ಟ ಕರಡಿಗೆಯೊಳಗೆ ಅವರ ಇಷ್ಟಲಿಂಗ. ಮೈಯಿಂದ ಅಗಲಿಸುವಂತಿಲ್ಲ. ಸ್ತನದ ಆಪರೇಷನ್ನಿಗೆ ತೆಗೆಸಿದ್ದರು. ಆಗ ಅವರು ಅತ್ತದ್ದು ಅದೊಂದಕ್ಕೇ.

"ಇನ್ನೊಮ್ಮೆ ಬಿಚ್ಚಲ್ಲ. ಉಸಿರು ಹೋದ್ರೆ ಹೋಗ್ಲಿ."

ಸಿಟ್ಟು ನೆತ್ತಿಗೇರಿತು. "ಎಂಥ ಹಠ ಅತ್ತೆ ನಿಮ್ದು! ನೀವು ಹೋದ್ರೆ ನಾನೇನು ಮಾಡ್ಲಿ?" ಎಂದು ಎಲ್ಲರೆದುರೇ ಅತ್ತುಬಿಟ್ಟೆ.

ಡಾಕ್ಟರ್ ಮೆಲ್ಲಗೆ ಕೇಳಿದರು. "ಕೊರಳಲ್ಲೇ ಇರಬೇಕೇನಮ್ಮ? ಬಲ ತೋಳಿಗೆ ಕಟ್ಟಿದ್ರೆ ಆಗಲ್ವಾ? ನನ್ನ ಕೆಲಸ ಇರೋದು ಎಡಗಡೆ."

ಅತ್ತೆ ಯೋಚಿಸಿದರು. ಆಮೇಲೆ ನನ್ನ ಕಡೆ ತೋಳು ಚಾಚಿದರು. ದಾರ ಸುತ್ತಿ ನಾನೇ ಕಟ್ಟಿದೆ. "ಬಿಗಿ ಮಾಡು," ಅಂದರು.

ಈಗ ದಿನ ಬಿಟ್ಟು ದಿನ ಕೈ ತೊಳೆದು, ಗ್ಲೌಸ್ ಹಾಕಿಕೊಂಡು ಟ್ಯೂಬಿಗೆ ಬಾಟಲಿ ಜೋಡಿಸುತ್ತೇನೆ. ಅವರಿಗೆ ಎದೆ ಎಳೆದಂತಾಗಿ ಕೆಮ್ಮು ಬಂದರೆ ನಿಲ್ಲಿಸುತ್ತೇನೆ. ಅಷ್ಟು ಹೊತ್ತೂ ಅತ್ತೆ ಅಂಗಡಿಗೆ ಬಂದುಹೋದವರ ಸುದ್ದಿ ಕೇಳುತ್ತಿರುತ್ತಾರೆ. ಇದೆಲ್ಲ ಎಷ್ಟು ದಿನವೋ ಗೊತ್ತಿಲ್ಲ. ಡಾಕ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿನ್ನೆ ಊಟದ ಪಾತ್ರೆ ತೊಳೆದಿಟ್ಟು ಕೋಣೆಗೆ ಹೋದೆ. ಅತ್ತೆ ಅಂಗಾತ ಮಲಗಿದ್ದರು. ಅಲುಗಾಟವಿಲ್ಲ. ಓಡಿ ಹೋಗಿ ಮೂಗಿನ ಹತ್ತಿರ ಬೆರಳಿಟ್ಟೆ.

ಒಂದು ಕಣ್ಣು ತೆರೆದರು.

"ಸತ್ತಿಲ್ಲ ಮಾರಾಯ್ತಿ. ಅಪರೂಪಕ್ಕೆ ನಿದ್ದೆ ಬಂದಿದೆ, ಕೆಡಿಸ್ಬೇಡ. ಹೋಗು ಅತ್ಲಾಗೆ."

ಬಾಗಿಲು ಮುಂದೆ ಮಾಡಿಕೊಂಡು ಬಂದೆ. ಸಂಜೆಯ ಕಾಫಿಗೂ ಎಬ್ಬಿಸಲಿಲ್ಲ.